ಸಹಿ ನಿಲ್ಲದವರು

ನಾನು ಕೆಲಸ ಮಾಡುವ ಕಾಲೇಜಿನಲ್ಲಿ ದಿನದ ಮೊದಲ ಕೆಲಸವೆಂದರೆ ನಿನ್ನೆಯ ಪುಟ ತೆರೆದು ನೋಡುವುದು. ಆಫೀಸಿನ ಮುಂದಿನ ಉದ್ದ ಮೇಜಿನ ಮೇಲೆ ಹಾಜರಿ ಪುಸ್ತಕಗಳನ್ನು ಸಾಲಾಗಿ ಇಟ್ಟಿರುತ್ತೇನೆ, ತರಗತಿಗೊಂದು. ವಿದ್ಯಾರ್ಥಿಗಳು ಬಂದು ತಮ್ಮ ನಂಬರಿನ ಎದುರು ಸಹಿ ಮಾಡಿ ಒಳಗೆ ಹೋಗುತ್ತಾರೆ. ಬಾರದವರ ಸಾಲಿಗೆ ಸಂಜೆ ಅಡ್ಡಗೆರೆ ಎಳೆದು, ಮರುದಿನ ಎಂಟೂವರೆಗೆ ಬಂದು ಆ ಪುಟ ನೋಡುತ್ತೇನೆ. ಯಾರ ಸಹಿ ಮಾಯವಾಗಿ ಸಾಲು ಖಾಲಿಯಾಗಿದೆಯೋ ಆ ಸಾಲಿಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ.

ನಮ್ಮೂರಿನಲ್ಲಿ ಮನಸ್ಸು ಕುಸಿದವರು ಬರೆದದ್ದು ಮರುದಿನಕ್ಕೆ ಉಳಿಯುವುದಿಲ್ಲ. ಅಕ್ಷರ ಹಾರಿತು ಎನ್ನುತ್ತೇವೆ. ನೋಂದಣಿ ಕಚೇರಿಯಲ್ಲಿ ಪತ್ರಕ್ಕೆ ಸಹಿ ಹಾಕಿದವರು ಮರುದಿನ ಇನ್ನೊಮ್ಮೆ ಹೋಗಿ ಅದು ನಿಂತಿದೆ ಎಂದು ತೋರಿಸಿ ಬರಬೇಕು. ಹೆಣ್ಣು ನೋಡಲು ಬಂದವರು ಹುಡುಗಿಯ ಕೈಯಲ್ಲಿ ಒಂದು ಸಾಲು ಬರೆಸಿಕೊಂಡು ಹೋಗುತ್ತಾರೆ, ಬೆಳಗ್ಗೆ ಆ ಕಾಗದ ಬಿಡಿಸಿ ನೋಡಿದ ಮೇಲೆಯೇ ಮುಂದಿನ ಮಾತು. ಡಾಕ್ಟರ ಚೀಟಿ ಬರಿದಾಗಿದ್ದರೆ ಔಷಧದಂಗಡಿಯವನು, “ಮೊದಲು ಡಾಕ್ಟರಿಗೆ ಏನಾಗೈತಿ ಕೇಳಿಕೊಂಡು ಬರ್ರಿ” ಎಂದು ವಾಪಸು ಕಳಿಸುತ್ತಾನೆ. ಹುಟ್ಟಿದಾಗಿನಿಂದ ನೋಡಿದ ನಮಗೆ ಇದರಲ್ಲಿ ಬೆರಗೇನೂ ಇಲ್ಲ.

ಕಾಲೇಜಿನ ನಿಯಮ ಹನ್ನೊಂದು ವರ್ಷದ ಹಿಂದೆ ಬಂದದ್ದು. ಚಂದ್ರಕಾಂತ ಎಂಬ ಹುಡುಗ ಎರಡು ತಿಂಗಳು ದಿನವೂ ಬಂದು ಸಹಿ ಮಾಡಿ ಹೋಗಿದ್ದ. ಒಂದೂ ನಿಂತಿರಲಿಲ್ಲ. ಆಗ ಹಳೆಯ ಪುಟ ತಿರುಗಿಸಿ ನೋಡುವ ರೂಢಿಯೇ ಇರಲಿಲ್ಲ. ಅವನು ತೀರಿಹೋದ ಮೇಲೆ ನಾವೆಲ್ಲ ಆ ಪುಸ್ತಕ ತೆರೆದು, ಪುಟದಿಂದ ಪುಟಕ್ಕೆ ಅವನ ಹೆಸರಿನ ಮುಂದೆ ಬಿಳಿಯಾಗಿ ಬಿದ್ದಿದ್ದ ಸಾಲುಗಳನ್ನೇ ನೋಡುತ್ತ ನಿಂತೆವು. ಅದಾದ ಮೇಲೆ ನಿಯಮ ಬಂತು. ಮೂರು ದಿನ ಸತತವಾಗಿ ಚುಕ್ಕೆ ಬಿದ್ದರೆ ನಾನು ಹಳದಿ ಚೀಟಿ ಬರೆದು ಪ್ರಿನ್ಸಿಪಾಲರಿಗೆ ಕೊಡಬೇಕು. ಅವರು ಮನೆಯವರನ್ನು ಕರೆಸಿ, ಮಗುವನ್ನು ಗಂಟುಮೂಟೆ ಸಮೇತ ಕಳಿಸಿಕೊಡಬೇಕು. ಸಹಿ ನಿಲ್ಲುವ ಹಾಗಾದ ಮೇಲೆ ತಿರುಗಿ ಬರಬಹುದು. ನಾನು ಚೀಟಿ ಬರೆಯುತ್ತ ಬಂದೆ. ಕೆಲಸ ಸರಿಯಾಗಿ ಮಾಡುತ್ತಿದ್ದೇನೆ ಎಂಬ ಸಮಾಧಾನವೂ ನನಗಿತ್ತು.

ಕಳೆದ ವರ್ಷ ಒಂದು ಗುರುವಾರ ಬಿ.ಎಸ್ಸಿ. ಎರಡನೇ ವರ್ಷದ ಪುಟದಲ್ಲಿ ಎರಡು ಸಾಲು ಖಾಲಿ ಇದ್ದವು, ಹದಿನೇಳು ಮತ್ತು ಮೂವತ್ತು. ಹದಿನೇಳು ದಾಕ್ಷಾಯಿಣಿ. ಮೆಲು ಮಾತಿನ, ಉದ್ದ ಜಡೆಯ ಹುಡುಗಿ. ಮೂವತ್ತು ಜುಲೇಖಾ, ಗಾದಿ ಹೊಲಿಯುವವರ ಮಗಳು. ಕಾರಿಡಾರಿನ ಆ ತುದಿಯಲ್ಲಿ ನಕ್ಕರೆ ಆಫೀಸಿನಲ್ಲಿ ಕೇಳಿಸುತ್ತಿತ್ತು. ಇಬ್ಬರೂ ಹಾಸ್ಟೆಲಿನ ಒಂದೇ ಕೋಣೆಯವರು. ಒಂದೇ ದಿನ ಒಂದೇ ಕೋಣೆಯ ಇಬ್ಬರ ಅಕ್ಷರ ಹಾರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂದಿನ ಪುಟಗಳನ್ನು ತಿರುವಿದೆ. ಇಬ್ಬರವೂ ಗಟ್ಟಿಯಾಗಿ ನಿಂತಿದ್ದವು. ಆದರೆ ಆರು ವಾರದ ಆಚೆಗೆ ಹೋದಾಗ ಕೈ ತಡೆಯಿತು. ಅಲ್ಲಿಯವರೆಗೆ ದಾಕ್ಷಾಯಿಣಿಯ ಸಹಿಯಲ್ಲಿ ‘ಕ್ಷ’ದ ಬಾಲ ಬಲಕ್ಕೆ ಬಾಗುತ್ತಿತ್ತು. ಆಮೇಲಿನ ಸಹಿಗಳಲ್ಲಿ ಎಡಕ್ಕೆ. ಜುಲೇಖಾಳ ಸಹಿಯ ‘ಖಾ’ ಕೂಡ ಎಡಕ್ಕೇ ಬಾಗಿತ್ತು.

ಜುಲೇಖಾಳನ್ನು ಕರೆಸಿದೆ. ಹಳೆಯ ಕಡತಗಳ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಮಾಡಿದೆ. ಅವಳ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಎರಡೂ ಪುಟ ಮುಂದಿಟ್ಟು, “ಎಷ್ಟು ದಿನದಿಂದ ಆಕಿ ಸಹಿ ನೀ ಮಾಡಾಕತ್ತಿ?” ಎಂದೆ.

ಸುಳ್ಳು ಹೇಳಲು ಬಾಯಿ ತೆರೆದಳು. ಆಮೇಲೆ ಇದ್ದಲ್ಲೇ ಕುಸಿದು ಕುಳಿತಳು. “ಚೀಟಿ ಬರೀಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೇನಿ. ಮನಿಗೆ ಕಳಿಸಿದ್ರ ಆಕಿ ತಿರುಗಿ ಬರೂದಿಲ್ಲ.”

“ಯಾಕ ಬರೂದಿಲ್ಲ? ಏನಾಗೈತಿ ಸರಿಯಾಗಿ ಹೇಳು.”

ಅವಳು ಹೇಳಿದ್ದು ಇಷ್ಟು. ದಾಕ್ಷಾಯಿಣಿಯ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ‘ನಾಲ್ಕು ದಿನ ಬಂದು ಜತೆಗಿರು, ನನಗ್ಯಾಕೋ ಭಯ’ ಎಂದು ತಂಗಿಗೆ ಫೋನು ಮಾಡಿದ್ದಳು. ಪ್ರಾಕ್ಟಿಕಲ್ ಪರೀಕ್ಷೆ ಇದೆ, ಮುಗಿಸಿ ಬರುತ್ತೇನೆ ಎಂದು ಇವಳು ಹೇಳಿದಳು. ಪರೀಕ್ಷೆಯ ಹಿಂದಿನ ದಿನ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು, ಕೂಸು ಉಳಿಯಿತು. ಹನ್ನೊಂದು ದಿನ ಮನೆಯಲ್ಲಿದ್ದು ಬಂದವಳು ಅಂದಿನಿಂದ ಉಂಡದ್ದು ಕಡಿಮೆ, ಮಾತಾಡಿದ್ದು ಅದಕ್ಕೂ ಕಡಿಮೆ. ಇತ್ತ ಅವಳ ಸೋದರಮಾವ ಕೂಸಿಗೆ ತಾಯಿ ಬೇಕು ಎಂದು ಅಕ್ಕನ ಗಂಡನಿಗೇ ಇವಳನ್ನು ಕೊಡುವ ಮಾತು ತೆಗೆದಿದ್ದ. ಓದು ಅಡ್ಡ ಇದೆ ಎಂಬುದೊಂದೇ ಇಷ್ಟು ದಿನ ತಡೆದಿದ್ದು.

“ಆಕಿ ಸಹಿ ಹಾರಿದ್ದು ಮೊದಲನೇ ದಿನಾನೇ ಗೊತ್ತಾತ್ರಿ ನನಗ. ನೀವು ಬರೂದ್ರಾಗ ಓಡಿ ಬಂದು ನಾನು ತುಂಬಿದೆ. ಆಮ್ಯಾಲೆ ದಿನಾ ನಾನ ಮಾಡಿದೆ. ಆಕಿ ಅವ್ವಗ ಪತ್ರಾನೂ ನಾನ ಬರ್ದೆ, ಎಲ್ಲಾ ಆರಾಮ ಅಂತ.” ಓಢಣಿಯಲ್ಲಿ ಮುಖ ಒರೆಸಿಕೊಂಡಳು. “ಬರೇ ಅಷ್ಟ ಆಗಿದ್ರ ಚಿಂತಿ ಇರಲಿಲ್ರಿ. ಹೋದ ವಾರದಿಂದ ಆಕಿ ತನ್ನ ಸಾಮಾನ ಎಲ್ಲಾ ಹಂಚಾಕತ್ಯಾಳ್ರಿ. ವಾಚು ನನಗ ಕೊಟ್ಲು. ಮಲಗೂ ಮುಂದ ನನ್ನ ಓಢಣಿ ತುದಿ ಆಕಿ ಕೈಗೆ ಕಟ್ಟಿಕೊಂಡು ಮಲಗ್ತೇನ್ರಿ. ಆಕಿ ಮಗ್ಗಲು ಬದಲಿಸಿದ್ರೂ ನನಗ ಎಚ್ಚರಾಗಬೇಕು. ನಾ ನಿದ್ದಿ ಮಾಡಿ ಎಷ್ಟು ದಿನ ಆತೋ ನನಗ ಗೊತ್ತಿಲ್ಲ.”

ಹತ್ತೊಂಬತ್ತು ವರ್ಷದ ಹುಡುಗಿ ಆರು ವಾರ ಒಬ್ಬಳೇ ಇಷ್ಟನ್ನು ಹೊತ್ತಿದ್ದಳು. ಈಗ ಅವಳ ಅಕ್ಷರವೂ ಹಾರಿತ್ತು. ನನ್ನ ಕೆಂಪು ಪೆನ್ಸಿಲು ಅಷ್ಟು ದಿನ ಮೇಜಿನ ಖಾನೆಯಲ್ಲಿ ಹಾಯಾಗಿತ್ತು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತೆ. “ಇನ್ನ ನೀ ಒಬ್ಬಾಕಿನ ಹೊರೂದು ಬ್ಯಾಡ” ಎಂದೆ. ಅವಳು ನನ್ನ ಹೆಗಲಿಗೆ ತಲೆಯಿಟ್ಟು ಅತ್ತು, ಅಳು ಮುಗಿಯುವ ಮೊದಲೇ ನಿದ್ದೆ ಹೋದಳು. ಆಫೀಸಿನ ಶಾಂತವ್ವನನ್ನು ಕರೆದು ಅವಳ ಹತ್ತಿರ ಕೂರಿಸಿ ನಾನು ಹಾಸ್ಟೆಲಿಗೆ ನಡೆದೆ.

ದಾಕ್ಷಾಯಿಣಿ ಮಂಚದ ಮೇಲೆ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. “ಚೀಟಿ ತಂದೀರೇನ್ರಿ?” ಎಂದಳು. ದನಿಯಲ್ಲಿ ಹೆದರಿಕೆ ಕೂಡ ಇರಲಿಲ್ಲ.

“ಇಲ್ಲ. ಕುಂದರು.” ಎದುರಿನ ಮಂಚದ ಮೇಲೆ ನಾನೂ ಕುಳಿತೆ. ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಸುತ್ತಿ ಬಳಸಿ ಕೇಳಿದರೆ ಸುತ್ತಿ ಬಳಸಿಯೇ ಉತ್ತರ ಬರುತ್ತದೆ. “ದಾಕ್ಷಾಯಿಣಿ, ಸತ್ತುಹೋಗಬೇಕು ಅಂತ ಅನಸಾಕತ್ತೈತೇನವ್ವಾ?”

ಅವಳು ನನ್ನ ಮುಖ ನೋಡಿದಳು. ಹೊರಗೆ ಯಾರೋ ಬಟ್ಟೆ ಒಗೆಯುವ ಸಪ್ಪಳ ಬರುತ್ತಿತ್ತು.

“ಹೂಂನ್ರಿ” ಎಂದಳು. ಆಮೇಲೆ, “ಈ ಮಾತು ಯಾರೂ ಕೇಳಿರಲಿಲ್ರಿ. ಜುಲೇಖಾ ಸುದ್ದಾ ಕೇಳಲಿಲ್ಲ. ಆಕಿಗೆ ಹೆದರಿಕಿ.”

“ನನಗೂ ಹೆದರಿಕಿ ಐತಿ. ಆದ್ರೂ ಹೇಳು, ಕೇಳ್ತೇನಿ.”

ಅವಳು ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಗೆಲ್ಲ ಯೋಚಿಸಬಾರದು ಎನ್ನಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಕ್ಕ ಕರೆದಾಗ ಹೋಗಲಿಲ್ಲ ಎಂಬ ಒಂದೇ ಮಾತನ್ನು ಅವಳು ಹತ್ತು ಬಗೆಯಲ್ಲಿ ಹೇಳಿದಳು. ಕೊನೆಗೆ, “ಅಕ್ಕಾರ, ನೀರು ಕುಡೀಲೇನ್ರಿ?” ಎಂದು ಎದ್ದು ತಂಬಿಗೆ ತೆಗೆದುಕೊಂಡಳು. ನೀರು ಕುಡಿಯಲು ನನ್ನನ್ನು ಯಾಕೆ ಕೇಳಿದಳೋ. ಅಷ್ಟಕ್ಕೇ ನನ್ನ ಎದೆ ಸ್ವಲ್ಪ ಹಗುರಾಯಿತು.

ಅವಳ ಒಪ್ಪಿಗೆ ಕೇಳಿ ಹಾಸ್ಟೆಲಿನ ಅಡುಗೆಯವಳನ್ನು ಅವಳ ಜೊತೆಗೆ ಕೂರಿಸಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಹಂಚಿನಾಳ ಸರ್ ರಸಾಯನಶಾಸ್ತ್ರ ಕಲಿಸುವವರು. ಚಂದ್ರಕಾಂತ ತೀರಿಕೊಂಡಾಗ ಹುಡುಗರ ಹಾಸ್ಟೆಲಿನ ವಾರ್ಡನ್ ಆಗಿದ್ದರು. ಅವನ ಮನೆಗೆ ಸುದ್ದಿ ಒಯ್ದವರು ಅವರೇ. ನಾನು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂರು ದಿನ ಕಾಯೂದು ಬ್ಯಾಡ ಬಾಯಾರ. ಇವತ್ತ ಮನಿಯವರನ್ನ ಕರೆಸೋಣು. ಅಂಥಾದ್ದು ಇನ್ನೊಮ್ಮೆ ನೋಡಾಕ ನನ್ನ ಕೈಲೆ ಆಗೂದಿಲ್ಲ.”

“ಮನಿಗೆ ಹೋದ್ರ ಲಗ್ನಾ ಮಾಡಿ ಕಳಸ್ತಾರ್ರಿ.”

“ಜೀವಂತ ಇರ್ತಾಳಲ್ಲ?”

“ಯಾರಿಗೆ ಗೊತ್ರಿ?” ಎಂದೆ. ಹಿಡಿದು ತಂದಿದ್ದ ಹಳದಿ ಚೀಟಿಗಳ ನಕಲಿನ ಕಟ್ಟನ್ನು ಅವರ ಮುಂದಿಟ್ಟೆ. ದಾರಿಯಲ್ಲಿ ಆಫೀಸಿಗೆ ಹೋಗಿ ಮೊದಲ ಬಾರಿಗೆ ಅವನ್ನು ಎಣಿಸಿದ್ದೆ. “ಹನ್ನೊಂದು ವರ್ಷದಾಗ ನಲವತ್ಮೂರು ಮಕ್ಕಳನ್ನ ಮನಿಗೆ ಕಳಿಸೇವಿ. ತಿರುಗಿ ಬಂದವರು ಒಂಬತ್ತು. ಉಳಿದವರ ಅಕ್ಷರ ನಿಂತಾವೋ ಇಲ್ಲೋ ಯಾರಾದ್ರೂ ಹೋಗಿ ನೋಡೇವೇನ್ರಿ? ನಮ್ಮ ಗೇಟಿನ ಒಳಗ ಏನೂ ಆಗಲಿಲ್ಲ, ಅಷ್ಟ.”

ನಾನು ನಿಲ್ಲಿಸಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಪ್ರಿನ್ಸಿಪಾಲರ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. “ನಮ್ಮ ಮನಿಯವರು ತೀರಿಕೊಂಡ ವರ್ಷ ನನ್ನ ಅಕ್ಷರ ನಾಲ್ಕು ತಿಂಗಳು ನಿಲ್ಲಲಿಲ್ಲ. ನೀವು ಆವಾಗ ಲೆಕ್ಚರರ್ ಇದ್ರಿ. ನನ್ನ ಯಾಕ ಮನಿಗೆ ಕಳಸಲಿಲ್ರಿ? ಟೈಪ್ ಮಶೀನ್ ಕೊಟ್ರಿ, ಇದರ ಮ್ಯಾಲ ಮಾಡ್ರಿ ಅಂದ್ರಿ. ದಿನಾ ಸಂಜಿಕ ಒಬ್ಬರಲ್ಲ ಒಬ್ಬರು ಎದುರಿಗೆ ಕುರ್ಚಿ ಹಾಕ್ಕೊಂಡು ಚಾ ಕುಡದು ಹೋದ್ರಿ. ಅವತ್ತು ನನ್ನ ಮನಿಗೆ ಕಳಿಸಿದ್ರ ನಾನೂ ಬರ್ತಿರಲಿಲ್ಲ.”

ಸರ್ ಮೇಜಿನ ಖಾನೆ ಎಳೆದರು. ರಸಾಯನಶಾಸ್ತ್ರದ ಮಧ್ಯಂತರ ಪರೀಕ್ಷೆಯ ಒಂದು ಉತ್ತರಪತ್ರಿಕೆ ತೆಗೆದು ನನ್ನ ಕಡೆ ತಳ್ಳಿದರು. ಅಚ್ಚಾದ ಮೊದಲ ಪುಟದಲ್ಲಿ ಕೊಠಡಿ ಮೇಲ್ವಿಚಾರಕರು ಬರೆದ ನಂಬರು ಮಾತ್ರ ಇತ್ತು, ಹದಿನೇಳು. ಒಳಗಿನ ಎಂಟೂ ಪುಟ ಬಿಳಿ. “ಎಂಟು ದಿನ ಆತು” ಎಂದರು. “ಆಕಿ ಬರಿಯೂದನ್ನ ನಾನ ನೋಡೇನಿ. ಗಂಟೆಗಟ್ಟಲೆ ತಲಿ ಎತ್ತದ ಬರದ್ಲು. ಮರುದಿನ ಇದು ಹಿಂಗಿತ್ತು. ನಿಮಗ ಹೇಳಿದ್ರ ಚೀಟಿ ಬರೀತೀರಿ, ಚೀಟಿ ಬಂದ್ರ ನಾ ಕಳಿಸಬೇಕು. ಇಟ್ಟುಕೊಂಡು ಕುಂತೆ.”

ನನಗೆ ಸಿಟ್ಟು ಬರಬೇಕಿತ್ತು. ಎಂಟು ದಿನ! ಆದರೆ ಬಂದದ್ದು ಸಮಾಧಾನ. ಆ ಕಟ್ಟಡದಲ್ಲಿ ಆ ನಿಯಮಕ್ಕೆ ಹೆದರಿ ಸುಮ್ಮನಿದ್ದವರು ಹುಡುಗಿಯರಿಬ್ಬರೇ ಆಗಿರಲಿಲ್ಲ.

“ಏನ ಮಾಡೂದೀಗ?” ಎಂದು ಸರ್ ಕೇಳಿದರು.

ಅಂದೇ ಮಧ್ಯಾಹ್ನ ನಾವಿಬ್ಬರೂ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ಒಂದು ಗಂಟೆ ಅವಳೊಬ್ಬಳ ಜೊತೆ ಮಾತಾಡಿ ಹೊರಗೆ ಬಂದು, ಗುಳಿಗೆ ಕೊಡುತ್ತೇನೆ, ವಾರಕ್ಕೆರಡು ಸಲ ಕರೆತನ್ನಿ, ಸದ್ಯಕ್ಕೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ, ಆದರೆ ಆ ಕೆಲಸ ಒಬ್ಬರ ತಲೆಗೆ ಕಟ್ಟಬೇಡಿ ಎಂದರು. ಗುಳಿಗೆಗಳನ್ನು ನನ್ನ ಕೈಯಲ್ಲಿ ಕೊಟ್ಟರು. ಜುಲೇಖಾಳನ್ನು ನಾನು ನಮ್ಮ ಮನೆಗೆ ಕರೆದೊಯ್ದೆ. ಅವಳು ಎರಡು ದಿನ ಎದ್ದದ್ದು ಊಟಕ್ಕೆ ಮಾತ್ರ. ದಾಕ್ಷಾಯಿಣಿಯ ಜೊತೆ ಇರಲು ಸರದಿ ಮಾಡಿದೆವು: ವಾರ್ಡನ್, ಅಡುಗೆಯವಳು, ಶಾಂತವ್ವ, ನಾನು. ಬೆಳಗಿನ ಹೊತ್ತು ಹಂಚಿನಾಳ ಸರ್ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಗಳನ್ನು ತೊಳೆಯಲು ಅವಳನ್ನು ಜೊತೆಗಿಟ್ಟುಕೊಳ್ಳುತ್ತಿದ್ದರು. ಅವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಒಬ್ಬರು ತೊಳೆಯುವುದು, ಒಬ್ಬರು ಒರೆಸುವುದು, ಅಷ್ಟೇ.

ಮನೆಗೆ ತಿಳಿಸದೆ ಇರುವಂತಿರಲಿಲ್ಲ. ಯಾರಿಗೆ ಹೇಳಲಿ ಎಂದು ದಾಕ್ಷಾಯಿಣಿಯನ್ನೇ ಕೇಳಿದೆ. “ಮಾವಗ ಬ್ಯಾಡ್ರಿ. ಅವ್ವಗ ಒಬ್ಬಾಕಿಗೇ” ಎಂದಳು. ಹಾಗಾದರೆ ನೀನೇ ಬರೆ ಎಂದೆ. “ಏನೂ ನಿಲ್ಲೂದಿಲ್ಲಲ್ರಿ.” ನಿಲ್ಲದಿದ್ದರೆ ಇರಲಿ, ಬರೆ ಎಂದೆ. ಅವಳು ಒಂದು ಪುಟ ಬರೆದಳು. ನಾನು ಓದಲಿಲ್ಲ, ಲಕೋಟೆಗೆ ವಿಳಾಸ ಮಾತ್ರ ಬರೆದು ಅಂಚೆಗೆ ಹಾಕಿದೆ. ನಮ್ಮ ಕಡೆ ಬರಿದಾದ ಪತ್ರ ಬಂದರೆ ಯಾರೂ ಅದನ್ನು ಪಕ್ಕಕ್ಕಿಡುವುದಿಲ್ಲ.

ಅವಳ ತಾಯಿ ಗೌರವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಓದು ಬರದು. ಜುಲೇಖಾ ಬರೆದ ಪತ್ರಗಳನ್ನು ಪಕ್ಕದ ಮನೆಯವರು ಓದಿ ಹೇಳುತ್ತಿದ್ದರು. ಈ ಪತ್ರ ಓದಲು ಅವಳಿಗೆ ಯಾರೂ ಬೇಕಾಗಲಿಲ್ಲ. ಸೋಮವಾರ ಹತ್ತು ಗಂಟೆಗೆ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಸೆರಗಿನಲ್ಲಿ ಅರಿಶಿನದ ಕಲೆ, ತೋಳಿನ ಮೇಲೆ ಕೂಸು, ಕೈಯಲ್ಲಿ ಆ ಬಿಳಿ ಹಾಳೆ. “ನನ್ನ ಮಗಳೆಲ್ಲಿ?” ಎಂದಳು.

ಪ್ರಯೋಗಶಾಲೆಗೆ ಕರೆದೊಯ್ದೆ. ತಾಯಿಯನ್ನು ಕಂಡು ದಾಕ್ಷಾಯಿಣಿ ಕೈಯಲ್ಲಿದ್ದ ನಳಿಕೆ ಕೆಳಗಿಟ್ಟಳು. ಹತ್ತಿರ ಹೋಗಲಿಲ್ಲ. “ಅಕ್ಕ ಕರದಿದ್ಲು. ನಾ ಬರಲಿಲ್ಲ” ಎಂದಳು. ಆರು ವಾರದಿಂದ ತಾಯಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದೊಂದೇ ಇರಬೇಕು.

ಹಾಗಲ್ಲ ಮಗಳೇ, ಅಕ್ಕ ನಿನ್ನನ್ನು ಕೇಳಲೇ ಇಲ್ಲ ಎಂದು ಗೌರವ್ವ ಸಮಾಧಾನ ಮಾಡುತ್ತಾಳೆ ಎಂದುಕೊಂಡೆ. ಅವಳು ಹಾಗೆ ಮಾಡಲಿಲ್ಲ. “ಹೌದು, ಕರದಿದ್ಲು. ಕಡೀತನಕ ನಿನ್ನ ಹೆಸರು ತಗೊಂಡ್ಲು” ಎಂದಳು. “ನಾ ಅಲ್ಲೇ ಇದ್ನಲ್ಲ. ಕೈ ಹಿಡಕೊಂಡ ಕುಂತಿದ್ದೆ. ನಾ ಹೆತ್ತಾಕಿ ಕುಂತಿದ್ದೆ. ರಕ್ತ ನಿಂತಿತೇನು? ನಾ ಇದ್ದು ನಿಲ್ಲದ್ದು ನೀ ಬಂದಿದ್ರ ನಿಲ್ತಿತ್ತೇನು?”

ದಾಕ್ಷಾಯಿಣಿಯ ಬಾಯಿಂದ ಒಂದು ಸದ್ದು ಬಂತು. ಅದು ಮಾತಾಗಿರಲಿಲ್ಲ. ಗೌರವ್ವ ಕೂಸನ್ನು ನನ್ನ ಕೈಗೆ ಕೊಟ್ಟು ಮಗಳನ್ನು ಎಳೆದು ಎದೆಗೊತ್ತಿಕೊಂಡಳು. ಇಬ್ಬರೂ ನಿಂತಲ್ಲೇ ಅತ್ತರು. ಹಂಚಿನಾಳ ಸರ್ ಗೋಡೆಯ ಕಡೆ ತಿರುಗಿ, ಆಗಲೇ ಒರೆಸಿದ್ದ ನಳಿಕೆಯನ್ನೇ ಮತ್ತೆ ಒರೆಸುತ್ತಿದ್ದರು.

ಅಳು ಇಳಿದ ಮೇಲೆ ನಾನು ಮದುವೆಯ ಮಾತು ತೆಗೆದೆ. ಗೌರವ್ವ ಮೂಗು ಒರೆಸಿಕೊಂಡು, “ಅದು ನನ್ನ ತಮ್ಮ ಆಡಿದ ಮಾತ್ರಿ. ನಾ ಹೂಂ ಅಂದಿಲ್ಲ” ಎಂದಳು. ಆಮೇಲೆ, “ಉಹೂಂ ಅಂತನೂ ಅಂದಿರಲಿಲ್ಲ” ಎಂದು ಒಪ್ಪಿಕೊಂಡಳು. “ಈ ಕೂಸಿನ ಮುಖ ನೋಡಿ ಸುಮ್ನಿದ್ದೆ. ಈಗ ಅಂತೇನಿ. ಕೂಸನ್ನ ನಾ ಸಾಕ್ತೇನಿ. ಅಡುಗಿ ಮನಿಯಾಗ ತೊಟ್ಟಿಲಾ ಕಟ್ಟಿದ್ರ ಹೆಡ್‌ಮಾಸ್ತರು ಬ್ಯಾಡ ಅನ್ನೂದಿಲ್ಲ.” ತಮ್ಮನ ಎದುರು ಅವಳು ಆ ಮಾತು ಹೇಗೆ ಆಡಿದಳೋ, ಎಷ್ಟು ಜಗಳವಾಯಿತೋ ನನಗೆ ಗೊತ್ತಿಲ್ಲ. ಮದುವೆ ಆಗಲಿಲ್ಲ ಎಂಬುದಷ್ಟೇ ಗೊತ್ತು.

ಅಕ್ಷರಗಳು ಒಮ್ಮೆಲೇ ಮರಳಲಿಲ್ಲ. ದಾಕ್ಷಾಯಿಣಿ ದಿನವೂ ತನ್ನ ಸಹಿಯನ್ನು ತಾನೇ ಮಾಡಿದಳು, ದಿನವೂ ಅದು ಹಾರಿತು. ನಾನು ಚುಕ್ಕೆ ಇಟ್ಟೆ, ಚೀಟಿ ಬರೆಯಲಿಲ್ಲ. ಜುಲೇಖಾಳ ಸಹಿ ಐದನೇ ದಿನಕ್ಕೇ ನಿಂತಿತು. ಮೂರನೇ ವಾರ ಒಂದು ಬೆಳಗ್ಗೆ ಹದಿನೇಳರ ಸಾಲಿನಲ್ಲಿ ಮಸುಕಾಗಿ ಒಂದು ‘ದಾ’ ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಸುಳ್ಳಲ್ಲ. ಪುಸ್ತಕ ಎತ್ತಿಕೊಂಡೇ ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ನನ್ನ ವಯಸ್ಸಿನವರು ಓಡಬಾರದು, ಮೊಣಕಾಲು ನಾಲ್ಕು ದಿನ ನೋಯಿತು. ಮರುದಿನ ಅದೂ ಇರಲಿಲ್ಲ. ಅದರ ಮರುದಿನ ಮೂರಕ್ಷರ. ಹೀಗೆ ಬಂದು ಹೋಗಿ, ಹೋಗಿ ಬಂದು, ದೀಪಾವಳಿಯ ರಜೆ ಮುಗಿಯುವ ಹೊತ್ತಿಗೆ ಇಡೀ ಹೆಸರು ನಿಂತಿತು, ‘ಕ್ಷ’ದ ಬಾಲ ಬಲಕ್ಕೆ. ನಡುವೆ ಎರಡು ಸಲ ಅವಳು ತೀರಾ ಕುಸಿದಳು. ಒಮ್ಮೆ ನಾಲ್ಕು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಆದರೆ ಆ ಎರಡು ಸಲವೂ ತಾನಾಗಿಯೇ ಬಂದು ಹೇಳಿದಳು, “ಅಕ್ಕಾರ, ಇವತ್ತು ನನಗ ಆರಾಮಿಲ್ರಿ” ಎಂದು.

ಹಳದಿ ಚೀಟಿಗಳನ್ನು ಸರ್ ನಿಲ್ಲಿಸಿದರು. ಈಗ ಮೊದಲ ಚುಕ್ಕೆಯ ದಿನವೇ ನಾನು ಅಥವಾ ಶಾಂತವ್ವ ಆ ಮಗುವನ್ನು ಹುಡುಕಿಕೊಂಡು ಹೋಗಿ ಊಟ ಆಯಿತೇ ಎಂದು ಕೇಳುತ್ತೇವೆ. ಅನೇಕ ಸಲ ವಿಷಯ ಸಣ್ಣದಿರುತ್ತದೆ. ಸಣ್ಣದಲ್ಲದಿದ್ದಾಗ ಯಾರ ಬಳಿ ಕರೆದೊಯ್ಯಬೇಕೆಂಬುದು ಈಗ ನಮಗೆ ಗೊತ್ತಿದೆ. ತಿರುಗಿ ಬಾರದ ಮೂವತ್ನಾಲ್ಕು ಮಂದಿಗೂ ನಾನು ಜವಾಬಿನ ಕಾರ್ಡು ಇಟ್ಟು ಪತ್ರ ಬರೆದೆ. ಹತ್ತೊಂಬತ್ತು ಉತ್ತರ ಬಂದವು. ಒಬ್ಬಳು ಟೀಚರ್ ಆಗಿದ್ದಳು. ಒಬ್ಬ ನನಗೆ ಚೆನ್ನಾಗಿ ಬೈದು ಬರೆದಿದ್ದ, ಬೈಸಿಕೊಳ್ಳಬೇಕಾದದ್ದೇ. ಎರಡು ಕಾರ್ಡು ಬರಿದಾಗಿ ಬಂದವು. ಅಂಚೆಯ ಮೊಹರು ನೋಡಿ ಆ ಎರಡೂ ಊರಿಗೆ ನಾನು, ಸರ್ ಬಸ್ಸು ಹಿಡಿದು ಹೋಗಿಬಂದೆವು. ಆ ಇಬ್ಬರನ್ನೂ ಈಗ ಡಾಕ್ಟರಮ್ಮ ನೋಡುತ್ತಿದ್ದಾರೆ. ಉತ್ತರವೇ ಬಾರದ ಹದಿನೈದು ಹೆಸರು ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿವೆ.

ಮೊನ್ನೆ ಮಧ್ಯಾಹ್ನ ಆಫೀಸಿನಲ್ಲಿ ಕುಳಿತಿದ್ದೆ. ಹೊರಗೆ ಜೋರು ಗಲಾಟೆ ಕೇಳಿಸಿತು. ಎದ್ದು ನೋಡಿದರೆ ದಾಕ್ಷಾಯಿಣಿ, ಜುಲೇಖಾ ಎದುರುಬದುರಾಗಿ ನಿಂತಿದ್ದರು. “ನನ್ನ ಚಪ್ಪಲಿ ಹಾಕ್ಕೊಂಡು ಬಚ್ಚಲಕ್ಕ ಹೋಗಬ್ಯಾಡ ಅಂತ ಎಷ್ಟು ಸಲ ಹೇಳಬೇಕ ನಿನಗ? ನೋಡು, ಹೆಂಗ ತೊಯ್ದಾವ!” ದಾಕ್ಷಾಯಿಣಿಯ ದನಿ. ಅವಳಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ. ಜುಲೇಖಾ ಸುಮ್ಮನಿರುವ ಪೈಕಿಯೇ? ಸೊಂಟಕ್ಕೆ ಕೈಯಿಟ್ಟು, “ದೊಡ್ಡ ರಾಣಿ ಚಪ್ಪಲಿ!” ಎಂದಳು. ಕಾರಿಡಾರಿನಲ್ಲಿ ಗದ್ದಲ ಮಾಡಿದವರಿಗೆ ಗದರಿಸುವುದು ನನ್ನ ಕೆಲಸ. ಶಾಂತವ್ವ ನನ್ನ ಮುಖ ನೋಡಿದಳು. ನಾನು ಕುರ್ಚಿಗೆ ಒರಗಿ, “ಮಾಡ್ಲಿ ಬಿಡು” ಎಂದೆ.